ಕತ್ತರಿಯ ಹಿಡಿಕೆ

ಮೇಜಿನ ಮೇಲೆ ಕತ್ತರಿ ಇತ್ತು, ಅಂಟು ಇತ್ತು, ಬಣ್ಣದ ಕಾಗದ ಇತ್ತು. ಗುಂಡಿ ಮಾತ್ರ ಕೈಕಟ್ಟಿ ಕೂತಿದ್ದಳು. ಟೈಲರ್ ಮಗಳಲ್ಲವೇ, ಹುಟ್ಟಿದಾಗ ದುಂಡಗಿದ್ದಳೆಂದು ಅಪ್ಪ ಅಂಗಿಯ ಗುಂಡಿಯನ್ನೇ ನೆನೆದು ಇಟ್ಟ ಹೆಸರು ಅದು.

ಎದುರಿಗೆ ಫೈಲಕ್ಕ. ಮಕ್ಕಳು ತರಗತಿಯ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡಲು ಶಾಲೆಗೆ ಬಂದಿದ್ದ ಥೆರಪಿಸ್ಟ್ ಅವರು. ಸದಾ ಕಂಕುಳಲ್ಲಿ ಫೈಲು ಇರುತ್ತಿದ್ದರಿಂದ ಮಕ್ಕಳು ಹಾಗೆ ಕರೆಯುತ್ತಿದ್ದರು. ಕಾಗದದಲ್ಲಿ ಒಂದು ಮನೆ ಕತ್ತರಿಸಿ ಅಂಟಿಸಬೇಕು ಎಂದು ಹೇಳಿ ಅವರು ಸುಮ್ಮನಾದರು. ಗುಂಡಿಯೂ ಸುಮ್ಮನಿದ್ದಳು. ಫೈಲಕ್ಕ ಗಡಿಯಾರ ನೋಡಿ ಏನೋ ಬರೆದುಕೊಂಡರು.

ಏನು ಬರೆದರು? ಗುಂಡಿಗೆ ಕುತೂಹಲ ತಡೆಯಲಾಗಲಿಲ್ಲ. ಕತ್ತು ಉದ್ದ ಮಾಡಿ ಇಣುಕಿದಳು. 'ತಾನಾಗಿ ಕೆಲಸ ಶುರು ಮಾಡುತ್ತಾಳೆ' ಎಂಬ ಸಾಲಿಗೆ ನಾಲ್ಕರಲ್ಲಿ ಒಂದು ಅಂಕ. 'ಬೇಕಾದ ವಸ್ತು ತೆಗೆದುಕೊಳ್ಳುತ್ತಾಳೆ' ಎಂಬುದಕ್ಕೂ ಅಷ್ಟೇ.

ಅಂಕ ಕಡಿಮೆ ಬಂದವರು ಡ್ರಾಯಿಂಗ್ ಪೀರಿಯಡ್ ಬಿಟ್ಟು ವಿಶೇಷ ಅಭ್ಯಾಸಕ್ಕೆ ಪಕ್ಕದ ಕೋಣೆಗೆ ಹೋಗಬೇಕೆಂದು ಟೀಚರ್ ಹೇಳಿದ್ದರು. ಗುಂಡಿ ವಾರವಿಡೀ ಕಾಯುತ್ತಿದ್ದುದೇ ಆ ಒಂದು ಪೀರಿಯಡ್‌ಗೆ.

ಸಂಜೆ ಫೈಲಕ್ಕ ಅಪ್ಪನ ಅಂಗಡಿಗೇ ಬಂದರು. ಮಗಳ ವಿಷಯ ಮಾತಾಡಬೇಕಿತ್ತಂತೆ. ಬಟ್ಟೆ ಚೂರುಗಳ ರಾಶಿಯ ಹಿಂದೆ ಗುಂಡಿಯ ಕಿವಿ ನೆಟ್ಟಗಾಯಿತು. ಫೈಲು ಇಡಲು ಜಾಗ ಮಾಡೋಣವೆಂದು ಫೈಲಕ್ಕ ದೊಡ್ಡ ಕತ್ತರಿಯತ್ತ ಕೈ ಚಾಚಿದರು. ಅಪ್ಪನ ಹೊಲಿಗೆ ಮಷಿನ್ ಗಕ್ಕನೆ ನಿಂತಿತು.

"ಅಕ್ಕಾ, ಮುಟ್ಬೇಡಿ," ಗುಂಡಿ ಎದ್ದೇಬಿಟ್ಟಳು. "ಅದು ಯಾರ್ದೋ ಅವರೇ ಕೊಡ್ಬೇಕು."

ಅಪ್ಪನಿಗೆ ಮುಜುಗರವಾಯಿತು. ಬಂದವರೆಲ್ಲ ಕಂಡದ್ದನ್ನೆಲ್ಲ ಕತ್ತರಿಸಿದರೆ ಹರಿತ ಹೋಗುತ್ತದೆ, ಅದಕ್ಕೇ ಅಜ್ಜನ ಕಾಲದಿಂದ ಈ ಅಂಗಡಿಯಲ್ಲಿ ಹೀಗೆ ಎಂದರು. ತಾವೇ ಕತ್ತರಿ ಎತ್ತಿ, ಹಿಡಿಕೆಯನ್ನು ಫೈಲಕ್ಕನ ಕಡೆ ತಿರುಗಿಸಿ ಕೊಟ್ಟರು.

ಫೈಲಕ್ಕ ಅದನ್ನು ಹಿಡಿದು ಗುಂಡಿಯ ಕಡೆ ತಿರುಗಿದರು. "ಬೆಳಿಗ್ಗೆ ಅದಕ್ಕೇನಾ ಸುಮ್ನೆ ಕೂತಿದ್ದೆ?"

"ನೀವು ಕೊಡ್ಲೇ ಇಲ್ವಲ್ಲ."

ಫೈಲಕ್ಕ ಸ್ಟೂಲ್ ಎಳೆದು ಕೂತರು. ಅಂಕ ಹಾಕುವ ಈ ಪಟ್ಟಿಯನ್ನು ಯಾವುದೋ ದೂರದ ದೇಶದ ಮಕ್ಕಳನ್ನು ನೋಡಿ ಮಾಡಿದ್ದಾರೆ, ಅಲ್ಲಿನ ಮಕ್ಕಳು ಎದುರಿಗಿಟ್ಟದ್ದನ್ನು ತಾವೇ ಎತ್ತಿಕೊಳ್ಳುತ್ತಾರೆ, ಯಾರಾದರೂ ಕೈಗೆ ಕೊಡಲಿ ಎಂದು ಕಾಯುವವರಿಗೆ ಇದರಲ್ಲಿ ಒಂದು ಸಾಲೂ ಇಲ್ಲ ಎಂದು ಅಪ್ಪನಿಗೆ ವಿವರಿಸಿದರು.

"ಬೇರೆಯವರ ಅಳತೆಗೆ ಹೊಲಿದ ಅಂಗಿ ಅನ್ನಿ," ಎಂದರು ಅಪ್ಪ. "ಒಂಚೂರು ಬಿಚ್ಚಿ ಹೊಲೀಬೇಕಾಗತ್ತೆ."

ಫೈಲಕ್ಕ ಹಾಳೆಯ ಅಂಚಿನಲ್ಲಿ ಉದ್ದಕ್ಕೆ ಏನೋ ಬರೆದುಕೊಂಡರು. ನಾಳೆ ಇನ್ನೊಂದು ಸಲ ನೋಡೋಣ ಎಂದರು.

ಮರುದಿನ ಮತ್ತೆ ಅದೇ ಮೇಜು. "ಇಲ್ಲಿರೋದೆಲ್ಲ ಈಗ ನಿಂದೇ," ಎಂದು ಫೈಲಕ್ಕ ಕತ್ತರಿಯ ಹಿಡಿಕೆಯನ್ನು ಅವಳತ್ತ ತಿರುಗಿಸಿದರು.

ಗುಂಡಿಗೆ ಬೇಕಾಗಿದ್ದು ಅಷ್ಟೇ. ಗೋಡೆ ಎದ್ದಿತು, ಮೇಲೆ ಚಾವಣಿ ಕೂತಿತು. ಕಿಟಕಿಗೆ ಪರದೆ ಬೇರೆ, ಅದೂ ನೆರಿಗೆ ಸಮೇತ. ಫೈಲಕ್ಕನ ಪೆನ್ನು ಬರೆದೂ ಬರೆದೂ ಖಾಲಿಯಾಯಿತು. ಗುಂಡಿಯ ಪೆನ್ಸಿಲ್ ಕಡೆ ಚಾಚಿದ ಅವರ ಕೈ ಅರ್ಧದಲ್ಲೇ ನಿಂತಿತು.

"ಪಕ್ಕದ ಕೋಣೆ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ಬೇಕು. ನಿನ್ನ ಪೆನ್ಸಿಲ್ ಕೊಡ್ತೀಯಾ?"

ಗುಂಡಿ ಈ ಸಲ ಹಾಳೆಯತ್ತ ಇಣುಕಲಿಲ್ಲ. ಪೆನ್ಸಿಲಿನ ಮೊನೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಅಪ್ಪ ಕತ್ತರಿ ಕೊಡುವ ಹಾಗೆಯೇ ಕೊಟ್ಟಳು.