ಮಾರ್ತವ್ವನ ಹನ್ನೆರಡನೆಯ ಗಾಜು

“ಹನ್ನೆರಡನೇದು ಇಲ್ಲ!”

ಸತ್ಯಪ್ರಕಾಶರ ಕೂಗಿಗೆ ನನ್ನ ಕೈಯಲ್ಲಿದ್ದ ಚಹಾ ತುಳುಕಿತು. ೨೦೦೧ರ ಡಿಸೆಂಬರ್ ಇಪ್ಪತ್ತನಾಲ್ಕು, ಮಧ್ಯಾಹ್ನ ಮೂರು ಗಂಟೆ. ನವರಂಗಪುರದ ಅವರ ಫ್ಲ್ಯಾಟಿನಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟುವ ಕೆಲಸ ನಡೆದಿತ್ತು. ಆರಕ್ಕೆ ಅಹಮದಾಬಾದಿನ ನಮ್ಮ ಕನ್ನಡದವರೆಲ್ಲ ಮಾರ್ತವ್ವನ ಕಥೆ ನೋಡಲು ಬರುವವರಿದ್ದರು.

ಮಾರ್ತವ್ವ ಎಂದರೆ ಗಾಜಿನ ಮೇಲಿನ ಬಡ ಹುಡುಗಿ. ಸತ್ಯಪ್ರಕಾಶರ ತಂದೆ ಧಾರವಾಡ ಸೀಮೆಯಲ್ಲಿ ಕ್ರೈಸ್ತ ಉಪದೇಶಿಗಳು. ಊರೂರಿಗೆ ಮಾಯಾದೀಪ ಹೊತ್ತು, ಬಣ್ಣದ ಗಾಜಿನ ಚಿತ್ರಗಳನ್ನು ಗೋಡೆಯ ಮೇಲೆ ಬೀಳಿಸಿ ದೇವರ ಕಥೆ ಹೇಳುತ್ತಿದ್ದರು. ಈ ಕಥೆಗೆ ಹನ್ನೆರಡು ಗಾಜು. ಹೂ ಮಾರುವ ಅನಾಥೆ ತನ್ನ ರೊಟ್ಟಿಯನ್ನು ಇನ್ನೊಂದು ಕೂಸಿಗೆ ಕೊಟ್ಟು, ಹನ್ನೊಂದನೆಯ ಚಿತ್ರದಲ್ಲಿ ಚಾಪೆಯ ಮೇಲೆ ಪ್ರಾಣ ಬಿಡುತ್ತಾಳೆ. ಹನ್ನೆರಡನೆಯದರಲ್ಲಿ ದೇವದೂತ ಅವಳನ್ನು ಎತ್ತಿಕೊಂಡು ಊರಿನ ಸೂರುಗಳ ಮೇಲೆ ಹಾರಿ ಹೋಗುತ್ತಾನೆ. ನಾವು ಲಿಂಗಾಯತರಾದರೂ ಒಂದು ವರ್ಷವೂ ತಪ್ಪಿಸಿದವರಲ್ಲ. ಹೋಗುವುದು, ಸೆರಗು ತೋಯುವಂತೆ ಅಳುವುದು, ಕೇಕು ತಿಂದು ಬರುವುದು.

ಈ ಸಲ ಮಾತ್ರ ಆ ಗಾಜು ಬೇಕೇಬೇಕಿತ್ತು. ಸತ್ಯಪ್ರಕಾಶರ ತಂಗಿ ಪದ್ಮಾಳ ಮಗಳು, ಎಂಟು ವರ್ಷದ ಧನುಶ್ರೀ, ಜನವರಿಯ ಭೂಕಂಪದಲ್ಲಿ ತೀರಿಕೊಂಡಳು. ಪದ್ಮಾ ಆಗ ಅಣ್ಣನ ಮನೆಯಲ್ಲಿದ್ದಳು. ಹಾಲು ತರಲು ಕೆಳಗಿಳಿದಿದ್ದ ಅಪ್ಪ ಭೀಮಸೇನನ ಕಣ್ಣೆದುರಿಗೇ ಧನು ನಿಂತಿದ್ದ, ಅವರ ಮನೆಯ ಮೂರನೆಯ ಮಹಡಿಯ ಬಾಲ್ಕನಿ ಕುಸಿದಿತ್ತು. ಅಂದಿನಿಂದ ಪದ್ಮಾ ಅಣ್ಣನ ಮನೆಯಲ್ಲಿ, ರೈಲ್ವೆ ಗಾರ್ಡ್ ಭೀಮಸೇನ ವಡೋದರಾದ ಕ್ವಾರ್ಟರ್ಸಿನಲ್ಲಿ. ಇಬ್ಬರಿಗೂ ಮಾತಿಲ್ಲ. ಹೋದ ವಾರ ಪದ್ಮಾ ಬಾಯಿ ಬಿಟ್ಟಿದ್ದಳು: “ಅಣ್ಣಾ, ಧನು ಚಪ್ಪಾಳಿ ತಟ್ಟತಿದ್ದಳಲ್ಲ, ಆ ಕಡೀ ಚಿತ್ರ ಒಮ್ಮೆ ನೋಡತೇನಿ.”

ನಮ್ಮವರು, ಸಿದ್ದಲಿಂಗಪ್ಪ, ವಿಮಾ ಕಂಪನಿಯಲ್ಲಿ ಕ್ಲೇಮು ತಪಾಸಣೆ ಮಾಡುವವರು. ಮನೆಯಲ್ಲಿ ತಮ್ಮ ಕನ್ನಡಕ ತಮಗೆ ಸಿಗುವುದಿಲ್ಲ. ಪರರ ಮನೆಯಲ್ಲಿ ಸೂಜಿ ಕಳೆದರೂ ಸಿಗುತ್ತದೆ. ಗಾಜುಗಳನ್ನಿಟ್ಟಿದ್ದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

“ಎಲ್ಲಾ ಗಾಜು ಕಡೀಕ ಯಾವಾಗ ನೋಡಿದ್ರಿ?”

“ಮುಂಜಾನೆ ಎಂಟಕ್ಕ. ಯಾವಾಗಿನಂಗ ತಲಿಕೆಳಗ ಮಾಡಿ ಜೋಡಿಸಿಟ್ಟೆ. ದೀಪದಾಗ ಹಂಗ ಇಳಿಸಿದ್ರ ಗ್ವಾಡಿ ಮ್ಯಾಲೆ ನೆಟ್ಟಗ ಬೀಳತಾವು.”

“ಆಮ್ಯಾಲೆ ಮನ್ಯಾಗ ಯಾರ್ಯಾರಿದ್ರು?”

“ನಾ, ಪದ್ಮಾ, ಮಂಥನ್. ಹತ್ತಕ್ಕ ಭೀಮಸೇನ ಬಂದ, ನಾನ ಕರಸಿದ್ದೆ.” ಸತ್ಯಪ್ರಕಾಶರ ದನಿ ಏರಿತು. “ಕೇಳೂದೇನೈತ್ರಿ? ಈ ಮಂಥನ್ನೇ! ವಾರದಿಂದ ಆ ಗಾಜಿನ ಬೆನ್ನ ಹತ್ಯಾನ!”

ಮಂಥನ್ ಅವರ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗ, ಚಿತ್ರಕಲೆಯ ವಿದ್ಯಾರ್ಥಿ. ಮುಖ ಬಿಳಚಿಕೊಂಡಿತ್ತು.

“ಸರ್, ಹನ್ನೆರಡನ್ನೂ ನೋಡಿ ನೋಡಿ ಬರ್ಕೊಂಡಿದ್ದೀನಿ, ನಿಜ. ಕದಿಯೋದಾದ್ರೆ ಒಂದೇ ಯಾಕೆ ಕದೀಲಿ?”

“ಸಂಜಿ ಒಳಗ ಗಾಜು ಬರಲಿಲ್ಲಂದ್ರ ರೂಮು ಖಾಲಿ ಮಾಡು!”

“ತಡೀರಿ, ತಡೀರಿ,” ಎಂದು ನಮ್ಮವರು ಬಾಗಿಲ ಬಳಿ ನಿಂತಿದ್ದ ಭೀಮಸೇನನ ಕಡೆ ತಿರುಗಿದರು. “ನೀವು ಈ ಕಥಿ ನೋಡೀರೇನು?”

“ಇಲ್ಲ್ರಿ. ಪ್ರತಿ ಕ್ರಿಸ್‌ಮಸ್ಸಿಗೂ ನಾನೇ ಡ್ಯೂಟಿ ಹಾಕಿಸ್ಕೋತಿದ್ದೆ. ಇದ ಮೊದಲನೇ ಸಲ ಬಂದದ್ದು.”

“ಪೆಟ್ಟಿಗಿ ಮುಟ್ಟಿದ್ರೇನು?”

“ನಾ ಯಾಕ ಮುಟ್ಟಲಿ? ಹೋದ್ರ ಹೋತು ಬಿಡ್ರಿ! ಹೆತ್ತಾಕಿ ಮುಂದ ಬೀಳೋ ಕೂಸಿನ ಚಿತ್ರ ಹಿಡಿಯೂದು, ಅದಕ್ಕ ಭಕ್ತಿ ಅನ್ನೂದು — ಇದ್ಯಾವ ನ್ಯಾಯಾರೀ?”

ಪಾಪ, ಅವನು ಹೇಳುವುದೂ ಖರೇ ಅನಿಸಿತು ನನಗೆ. ನಮ್ಮವರು ಮಾತ್ರ ಹನ್ನೊಂದನೆಯ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

“ಜಲಜಾ, ಮಾರ್ತವ್ವ ಯಾವ ಚಿತ್ರದಾಗ ಬೀಳತಾಳ?”

“ಎಲ್ಲೂ ಬೀಳಂಗಿಲ್ಲ. ಇಷ್ಟು ವರ್ಷ ನಿದ್ದಿ ಹೊಡದ್ರೇನು?”

“ಹೌದಲ್ಲ!” ಎಂದು ಎದ್ದರು. “ಪದ್ಮಾನ್ನೂ ಕರೀರಿ.”

ಎಲ್ಲರೂ ಸೇರಿದರು. ಪದ್ಮಾ ಗೋಡೆಗೆ ಆತು ನಿಂತಳು.

“ಗಾಜಿನ ಆಸೆ ಇದ್ದವ ಇಡೀ ಪೆಟ್ಟಿಗಿ ಎತ್ತತಿದ್ದ. ಪದ್ಮಾಗ ನೋವಾಗಬಾರದು ಅಂತ ತಗದಿದ್ರ ಹನ್ನೊಂದನೇದು ತಗೀಬೇಕಿತ್ತು — ಕೂಸು ಸತ್ತು ಮಲಗಿದ್ದು. ಅದು ಇಲ್ಲೇ ಐತಿ. ಸಮಾಧಾನದ ಚಿತ್ರಾನೇ ಹೋಗೇತಿ. ಯಾಕ?” ಮಂಥನ್ ಬರೆದಿದ್ದ ಹನ್ನೆರಡನೆಯ ಚಿತ್ರದ ಹಾಳೆಯನ್ನು ಕೈಗೆ ತೆಗೆದುಕೊಂಡರು. “ಕಳ್ಳ ಪೆಟ್ಟಿಗ್ಯಾಗ ಹೆಂಗಿತ್ತೋ ಹಂಗ ಎತ್ತಿ ನೋಡ್ಯಾನ. ಅಂದ್ರ, ಹಿಂಗ.”

ಹಾಳೆಯನ್ನು ತಲೆಕೆಳಗು ಮಾಡಿದರು. ಅಯ್ಯೋ ಶಿವನೇ! ಮೇಲೆ ಮನೆಗಳ ಸೂರು. ಅದರ ಕೆಳಗೆ ತಲೆಕೆಳಗಾಗಿ, ಕೈ ಚಾಚಿಕೊಂಡು ಬೀಳುತ್ತಿರುವ ಕೂಸು; ದೇವದೂತನ ರೆಕ್ಕೆಗಳು ಧೂಳಿನ ಹಾಗೆ ಕಂಡವು.

“ಮಂಥನ್ ಇದನ್ನ ನೆಟ್ಟಗ ಬರದಾನ. ನಾವೆಲ್ಲಾ ವರ್ಷಾ ವರ್ಷಾ ನೆಟ್ಟಗ ನೋಡೇವಿ. ಎಂದೂ ನೋಡದವ ಒಬ್ಬನ. ಬೀಳೋ ಕೂಸು ಅಂದವನೂ ಅವನ.” ನಮ್ಮವರ ದನಿ ಮೆತ್ತಗಾಯಿತು. “ಭೀಮಸೇನ, ಗಾಜು ಕೊಡಪಾ.”

ಭೀಮಸೇನ ತನ್ನ ಕೈಚೀಲ ಬಿಚ್ಚಿದ. ಗಾರ್ಡಿನ ಹಸಿರು ಬಾವುಟದಲ್ಲಿ ಸುತ್ತಿದ್ದ ಗಾಜನ್ನು ಹೊರತೆಗೆದ. ಒಂದು ಗೀರೂ ಬಿದ್ದಿರಲಿಲ್ಲ.

“ಒಡೀಬೇಕಂತ ಎತ್ತಿದ್ದೆ. ಕೈ ಏಳಲಿಲ್ಲ. ಇನ್ನೊಮ್ಮೆ ಆಕೀನ್ನ ಹ್ಯಾಂಗ ಕೆಡವಲಿ?”

ಪದ್ಮಾ ಅವನ ಹತ್ತಿರ ಬಂದಳು. ಹೊಡೆಯುತ್ತಾಳೇನೋ ಎಂದುಕೊಂಡೆ.

“ಹನ್ನೊಂದು ತಿಂಗಳು ನೀವೊಬ್ರೇ ಆಕಿ ಬೀಳೂದು ನೋಡ್ಕೋತ ಕುಂತಿದ್ರೇನು? ನನ್ನ ಮುಂದ ಯಾಕ ಹೇಳಲಿಲ್ಲ?”

ಅವನು ಮುಖ ಮುಚ್ಚಿಕೊಂಡು ಅಲ್ಲಿಯೇ ಕುಸಿದು ಕುಳಿತ. ನಮಗೆ ಯಾರಿಗೂ ಕಣ್ಣೀರು ತಡೆಯಲಾಗಲಿಲ್ಲ. ಸತ್ಯಪ್ರಕಾಶರು ಮಂಥನ್‌ನ ಹೆಗಲ ಮೇಲೆ ಕೈಯಿಟ್ಟು, “ತಪ್ಪಾತಪಾ. ಇವತ್ತು ಗಾಜು ನೀನ ಇಳಸು,” ಎಂದರು.

ಆರು ಗಂಟೆಗೆ ಕೋಣೆ ತುಂಬಿತ್ತು. ಹನ್ನೊಂದನೆಯ ಚಿತ್ರ ಹೋಗಿ ಹನ್ನೆರಡನೆಯದು ಗೋಡೆಯ ಮೇಲೆ ಬಿತ್ತು. ಸೂರುಗಳು ಕೆಳಗೆ, ಮಾರ್ತವ್ವ ಮೇಲೆ. ದೀಪದ ಕಾವಿಗೆ ಗಾಜು ಸೀಳುಬಿಡುತ್ತದೆಂದು ಅದನ್ನು ಬೇಗ ತೆಗೆಯುವುದು ರೂಢಿ.

“ಇನ್ನೊಂದೀಟು ಇಡ್ರಿ,” ಎಂದ ಮುಂದಿನ ಸಾಲಿನಲ್ಲಿದ್ದ ಭೀಮಸೇನ.

ಮಂಥನ್ ಕೈ ಹಿಂದೆ ತೆಗೆದ.

“ಇಲ್ಲೇ ಧನು ಚಪ್ಪಾಳಿ ತಟ್ಟತಿದ್ದಳ್ರಿ,” ಎಂದಳು ಪದ್ಮಾ.

ಭೀಮಸೇನ ಗೋಡೆಯಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮೊದಲು ಚಪ್ಪಾಳೆ ತಟ್ಟಿದ.