ಐದನೇ ಪುಟದ ತಿದ್ದುಪಡಿ

ಮುಖಪುಟದಲ್ಲಿ ತಾನು ಬರೆದ ಸುದ್ದಿ ತಪ್ಪೆಂದು ರುದ್ರೇಶನಿಗೆ ತಿಳಿಯುವಷ್ಟರಲ್ಲಿ, ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಓಬಯ್ಯ ಬೀದಿಗೆಲ್ಲ ಮೈಸೂರು ಪಾಕ್ ಹಂಚಿ ಮುಗಿಸಿದ್ದರು. ಕಲ್ಯಾಣ ಮಂಟಪದ ಕಾವಲು ಕೆಲಸವನ್ನೂ ಬಿಟ್ಟು, ಸಮವಸ್ತ್ರ ಹಿಂದಿರುಗಿಸಿ ಬಂದಿದ್ದರು.

ಎರಕದ ಕಾರ್ಖಾನೆಯೊಂದು ಅವರನ್ನೂ ಇನ್ನೂ ನಲವತ್ತು ಮಂದಿಯನ್ನೂ ಹೊರಹಾಕಿ ಒಂಬತ್ತು ವರ್ಷವಾಗಿತ್ತು. ಅವರಿಗೆ ಮರಳಿ ಕೆಲಸ ಕೊಡಬೇಕೆಂದು ಹೈಕೋರ್ಟ್ ಹೇಳಿದಾಗ ಆಡಳಿತ ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲಸ ಕಾಯಂ ಆಗಲೆಂದು ಕಾರ್ಮಿಕರೂ ಹೋದರು. ಎರಡೂ ಮೇಲ್ಮನವಿಗಳ ತೀರ್ಪು ಒಂದೇ ದಿನ ಬಂತು. ಶಿವಮೊಗ್ಗದ ಪತ್ರಿಕಾ ಕಚೇರಿಯಲ್ಲಿ ನೇರಪ್ರಸಾರ ನೋಡುತ್ತಿದ್ದ ರುದ್ರೇಶ, ಮೇಲ್ಮನವಿ ಪುರಸ್ಕೃತವಾಯಿತೆಂದು ಕೇಳಿದೊಡನೆ 'ಕಾರ್ಮಿಕರಿಗೆ ಜಯ' ಎಂದು ಬರೆದ. ಆದೇಶದ ಪ್ರತಿಗಾಗಿ ಕಾಯಲಿಲ್ಲ. ಪುರಸ್ಕೃತವಾದದ್ದು ಆಡಳಿತ ಮಂಡಳಿಯ ಮನವಿ; ಕಾರ್ಮಿಕರದು ವಜಾ ಆಗಿತ್ತು.

ಕಾಯದಿರಲು ಕಾರಣ ಓಬಯ್ಯನವರ ಮಗಳು ಸಮತಾ. ಶಿವಮೊಗ್ಗದ ನ್ಯಾಯಾಲಯದೆದುರಿನ ಟೈಪಿಂಗ್ ಅಂಗಡಿಯಲ್ಲಿ ಅವಳ ಕೆಲಸ. ರುದ್ರೇಶ ಹೋದಾಗಲೆಲ್ಲ ಬೆರಳು ನಿಲ್ಲಿಸದೆಯೇ ಹುಬ್ಬಿನಡಿಯಿಂದ ಒಮ್ಮೆ ನೋಡಿ, ತುಟಿಯಂಚಿನ ನಗುವನ್ನು ಪರದೆಯ ಕಡೆಗೆ ತಿರುಗಿಸಿಬಿಡುವಳು.

"ನಿಮ್ಮ ಸುದ್ದೀಲಿ ಸೆಕ್ಷನ್‌ಗಳೆಲ್ಲಾ ಇರ್ತವೆ ಮಾರಾಯ್ರೆ, ಮನುಷ್ಯರೇ ಇರಲ್ಲ."

"ನಿಮ್ಮನ್ನ ಹಾಕ್ಲಾ?"

"ಮೊದ್ಲು ಅಪ್ಪನ ತೀರ್ಪು ಬರ್ಲಿ. ಆಮೇಲೆ ಮದುವೆ ಮಾತು ಅಂದಿದಾರೆ."

ಎರಡು ವರ್ಷ ಅವರಿಬ್ಬರೂ ಆ ತೀರ್ಪಿಗಾಗಿಯೇ ಕಾದಿದ್ದರು.

ಸುದ್ದಿ ತಪ್ಪೆಂದು ತಿಳಿದ ದಿನ ಮಧ್ಯಾಹ್ನ ಅಂಗಡಿಯಲ್ಲಿ ಅವಳು ನಗಲಿಲ್ಲ.

"ಅಪ್ಪನ್ನ ಬೀದೀಲಿ ಸುಳ್ಳುಗಾರ ಅಂತಿದಾರೆ. ತಪ್ಪಾಯ್ತು ಅಂತ ಮುಖಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ನನಗೆ ಬೇರೇನೂ ಬೇಡ."

"ಸಂಪಾದಕರನ್ನ ಕೇಳ್ತೀನಿ."

ಮರುದಿನ ಐದನೇ ಪುಟದ ತಳದಲ್ಲಿ, ಶ್ರದ್ಧಾಂಜಲಿಗಳ ಕೆಳಗೆ, ಎರಡು ಸಾಲು ಬಂತು: ಸುದ್ದಿಯಲ್ಲಿನ ತಪ್ಪು ಕಣ್ತಪ್ಪಿನಿಂದಾದದ್ದು, ವಿಷಾದಿಸುತ್ತೇವೆ.

ಆದೇಶದ ಪ್ರತಿ ಹಿಡಿದು ರುದ್ರೇಶ ಓಲ್ಡ್ ಟೌನಿಗೆ ಹೋದ. ಸಮತಾ ಹೊಸ್ತಿಲಲ್ಲೇ ತಡೆದಳು.

"ಕೇಳಿದ್ರಾ?"

"ತಿದ್ದುಪಡಿಗೆ ಐದನೇ ಪುಟವೇ ರೂಢಿ, ಸಮತಾ."

"ಕೇಳಿದ್ರಾ ಅಂದೆ."

"ಸಂಪಾದಕರ ಬಾಗಿಲ ತನಕ ಹೋದೆ. ಕೆಲಸಕ್ಕೇ ಕುತ್ತು ಬರುತ್ತೆ ಅನ್ನಿಸ್ತು. ವಾಪಸ್ ಬಂದೆ." ಅವನ ದನಿ ತಗ್ಗಿತು. "ಗೆದ್ರಿ ಅಂತ ನಿಮಗೆ ನಾನೇ ಮೊದಲು ಹೇಳ್ಬೇಕು ಅಂತ ಆಸೆಯಿತ್ತು. ಅದಕ್ಕೇ ಅವಸರ ಮಾಡಿದ್ದು."

"ನನ್ನೊಬ್ಬಳಿಗೇ ಹೇಳಿದ್ರೆ ಸುಳ್ಳು ನಮ್ಮನೇಲೇ ಇರ್ತಿತ್ತು."

ಒಳಗಿನಿಂದ ಓಬಯ್ಯ ಕರೆದರು. "ರುದ್ರೇಶಪ್ಪನಾ? ಬನ್ನಿ. ನಾವು ಯಾಕೆ ಸೋತ್ವಿ ಅಂತ ಕನ್ನಡದಲ್ಲಿ ಓದಿ ಹೇಳಿ. ಕೇಳಿದವರಿಗೆ ನಾನಾದ್ರೂ ಸರಿಯಾಗಿ ಹೇಳ್ಬೇಕಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ರುದ್ರೇಶ ಗೋಡೆಗೆ ಭುಜ ತಾಗಿಸಿ ಚಾಪೆಯ ಮೇಲೆ ಕುಳಿತು ಒಂದು ವಾಕ್ಯವನ್ನೂ ಬಿಡದೆ ಓದಿ ಹೇಳಿದ. ಸಮತಾ ಬಾಗಿಲಿಗೊರಗಿ, ಅವನ ಮುಖದಿಂದ ಕಣ್ಣು ಕೀಳದೆ ಕೇಳಿದಳು.

"ಇದ್ರಲ್ಲಿ ನನ್ನ ಹೆಸರಿದೆಯಾ?" ಓಬಯ್ಯ ಕೇಳಿದರು.

"ಇದೆ. ಹದಿನೇಳನೇ ಪ್ರತಿವಾದಿ."

"ಸದ್ಯ," ಎಂದು ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ತುಂಬ ಹೊತ್ತು ಒರೆಸಿದರು.

ಸಮತಾ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಅವನ ಭುಜಕ್ಕಂಟಿದ್ದ ಗೋಡೆಯ ಸುಣ್ಣವನ್ನು ಕೈಯಿಂದ ಕೊಡವಿದಳು. ಕೈ ಅಲ್ಲೇ ಒಂದು ಕ್ಷಣ ತಂಗಿತು.

"ಇವತ್ತು ಚೆನ್ನಾಗಿ ಓದಿದ್ರಿ. ನಾನು ಇಷ್ಟಪಟ್ಟಿದ್ದು ಈ ರುದ್ರೇಶ್‌ನೇ."

"ಹಾಗಾದ್ರೆ?"

"ತಪ್ಪು ಮಾಡಿದ್ದನ್ನ ಮರೀತಿದ್ದೆ. ಕೇಳದೇ ವಾಪಸ್ ಬಂದದ್ದನ್ನ ಮರೆಯಕ್ಕಾಗಲ್ಲ. ಇನ್ನು ಅಂಗಡಿ ಕಡೆ ಬರ್ಬೇಡಿ."

ಶಿವಮೊಗ್ಗದ ಬಸ್ಸು ಬಂತು. ಅದು ತಿರುವು ದಾಟುವವರೆಗೂ ಅವಳು ನಿಂತೇ ಇದ್ದಳು. ಬಸ್ಸು ನಿಲ್ಲಿಸೆಂದು ಹೇಳಲು ರುದ್ರೇಶ ಎರಡು ಬಾರಿ ಎದ್ದ; ಎರಡು ಬಾರಿಯೂ ಕುಳಿತ.