ಅಪ್ಪನ ಪಾಲಿನ ಸ್ಪೀಕರ್

"ಅದನ್ನ ಕೆಳಗಿಡಿ! ಅದು ನಮ್ಮದು!"

ಗುಜರಿ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ, ಹಳೆ ಫ್ಯಾನುಗಳ ರಾಶಿಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡಿತು. ಅವನು ಮಾತ್ರ ಅಲುಗಲಿಲ್ಲ. ಸೊಂಟದೆತ್ತರದ ಮರದ ಸ್ಪೀಕರನ್ನು ನಿದ್ದೆ ಹೋದ ಮಗುವಿನಂತೆ ಅಪ್ಪಿಕೊಂಡು ನಿಂತಿದ್ದ.

"ನಿಮ್ಮದಾದರೆ ಇಲ್ಲಿಗ್ಯಾಕೆ ಬಂತು?" ಎಂದ ಮೆಲ್ಲಗೆ.

ಕುಹಕವಿರಲಿಲ್ಲ ಆ ದನಿಯಲ್ಲಿ. ಆದರೂ ಅವಳಿಗೆ ಚುರುಕ್ಕೆಂದಿತು.

"ಅಪ್ಪ, ಚಿಕ್ಕಪ್ಪ ಸೇರಿ ಕೊಂಡ ಜೋಡಿ ಅದು. ಮನೆ ಪಾಲಾದಾಗ ಇಬ್ಬರೂ ಬಿಟ್ಟುಕೊಡಲಿಲ್ಲ. ಆಳಿಗೊಂದು ಎತ್ತಿಕೊಂಡು ಹೋದರು."

"ಜೋಡಿ ಸ್ಪೀಕರನ್ನ ಪಾಲು ಮಾಡಿದ್ರಾ?"

"ಹೂಂ. ನಗಬೇಡಿ! ಚಿಕ್ಕಪ್ಪ ತಮ್ಮದನ್ನ ಮೊನ್ನೆ ಗುಜರಿಗೆ ಹಾಕಿದರಂತೆ. ಚಿಕ್ಕಮ್ಮ ಬಾಯ್ತಪ್ಪಿ ಹೇಳಿದ್ದಕ್ಕೆ ಕ್ಲಿನಿಕ್ ಮುಚ್ಚಿ ಓಡಿಬಂದೆ. ಬೇಕಾದರೆ ಹಿಂದೆ ನೋಡಿ, ಸುಟ್ಟ ಕಲೆ ಇರಬೇಕು."

ಅವನು ತಿರುಗಿಸಿ ನೋಡಿದ. ಕಲೆ ಇತ್ತು.

"ಇದೆ."

"ಹಾಗಾದರೆ ಕೊಡಿ."

"ಇಲ್ಲ. ಆಗಲೇ ದುಡ್ಡು ಕೊಟ್ಟೆ. ಇದು ನನಗೆ ಇಷ್ಟ ಆಗಿದೆ."

"ಒಂದೇ ಇಟ್ಟುಕೊಂಡು ಏನು ಮಾಡ್ತೀರಿ?"

"ನನ್ನದು ಒಂದೇ ರೂಮು. ಇರೋನೂ ಒಬ್ಬನೇ."

ಅಂಗಡಿಯವನು ಕಿಸಕ್ಕನೆ ನಕ್ಕ. "ಡಾಕ್ಟರಮ್ಮ, ಇವರು ಡ್ರಾಯಿಂಗ್ ಮೇಷ್ಟ್ರು. ನೀವು ಹಲ್ಲು ಕಿತ್ತ ಹಾಗಲ್ಲ, ಇವರ ಕೈಯಿಂದ ಏನನ್ನೂ ಕೀಳೋಕಾಗಲ್ಲ!"

"ನಾನೂ ಅಷ್ಟು ಸುಲಭಕ್ಕೆ ಬಿಡೋಳಲ್ಲ," ಎಂದಳು ಅವಳು. "ಅಪ್ಪನ ಹತ್ತಿರ ಕೆಟ್ಟು ಕೂತಿರೋದರ ಜೊತೆ ಇದನ್ನೂ ಸರಿಮಾಡಿ ಅವರಿಗೆ ಹಾಡು ಕೇಳಿಸಬೇಕು." ಮನೆ ಪಾಲಾದಂದಿನಿಂದ ಅಪ್ಪ ಹಾಡು ಕೇಳಿರಲಿಲ್ಲ. ಅವರ ಪಾಲಿನ ಸ್ಪೀಕರ್ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಔಷಧಿ ಡಬ್ಬಿ ಇಟ್ಟಿದ್ದರು. 'ಆ ಜೋಡಿಯನ್ನ ಅಪ್ಪನ ಮುಂದೆ ಹಾಡಿಸಿಯೇ ಹಾಡಿಸ್ತೀನಿ...' ಈ ಹಟ ಅವಳಲ್ಲಿ ಇಂದು ನಿನ್ನೆಯದಲ್ಲ.

ಅವನು ಅವಳ ಮುಖವನ್ನೇ ನೋಡಿದ. ಆ ಹಟ ಅವನಿಗೆ ಕಂಡಿತೋ ಏನೋ.

"ಮಾರಲ್ಲ. ಆದರೆ ಎರಡೂ ರಿಪೇರಿಯಾದ ಮೇಲೆ ಇದನ್ನ ನಿಮ್ಮ ಮನೆಗೆ ತರ್ತೀನಿ. ನಿಮ್ಮಪ್ಪ ಕೇಳಲಿ."

* * *

ಹಾಗೆ ಶುರುವಾದವು ಅವರ ಭಾನುವಾರಗಳು.

ಅವನ ಕೋಣೆಯ ಕಿಟಕಿಯ ಬಳಿ ಉದ್ದನೆಯ ಮೇಜು. ಅದರ ಮೇಲೆ ಅವನ ಸ್ಪೀಕರಿನ, ದನಿ ಹೊಮ್ಮಿಸುವ ಕಾಗದದ ಕೋನ್ ಅಂಗಾತ ಮಲಗಿತ್ತು. ಕೋನ್ ಸುತ್ತಲಿನ ಫೋಮ್ ಅಂಚು ಕೊಳೆತು, ಮುಟ್ಟಿದರೆ ಡಾಂಬರಿನಂತೆ ಬೆರಳಿಗೆ ಅಂಟುತ್ತಿತ್ತು. ಕಾಗದ ಹರಿಯದಂತೆ ಅದನ್ನು ಕೆರೆದು ತೆಗೆಯಬೇಕು. ಅವಳು ಕ್ಲಿನಿಕ್ಕಿನ ಹಲ್ಲು ಕೆರೆಯುವ ಕಡ್ಡಿಗಳನ್ನೇ ತಂದಳು.

"ಬಾಯಿ ತೆಗಿ ಅನ್ನಲ್ವಾ?" ಎಂದ ಅವನು.

"ಮೇಷ್ಟ್ರೇ, ನೀವು ಬಾಯಿ ತೆಗೆದರೆ ಸಾಕು. ಬೆಳಗ್ಗಿಂದ ಇದೇ ಮೊದಲನೇ ಮಾತು!"

ಅವನು ನಕ್ಕು ಮತ್ತೆ ಸ್ಪೀಕರಿನ ಮರದ ಪೆಟ್ಟಿಗೆ ಉಜ್ಜತೊಡಗಿದ. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಮರಳುಕಾಗದದ ಸದ್ದು, ಕಡ್ಡಿಯ ಸದ್ದು... ಅಷ್ಟೇ. ದಿನವಿಡೀ ರೋಗಿಗಳ ನರಳಾಟ ಕೇಳುವ ಅವಳಿಗೆ ಆ ಮೌನ ನೆರಳಿನಲ್ಲಿ ಕೂತಂತಿತ್ತು. ಯಾರೂ ಏನೂ ಕೇಳದ, ಆದರೆ ಯಾರೋ ಜೊತೆಗಿರುವ ಮೌನ.

'ಭಾನುವಾರ ಬೇಗ ಬರಲಿ ಅಂತ ಕಾಯೋದು ಸ್ಪೀಕರಿಗೋಸ್ಕರಾನಾ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು.

ಅಪ್ಪನ ಪಾಲಿನದನ್ನು ಮಾತ್ರ ಅವಳು ಮನೆಯಲ್ಲೇ, ಒಬ್ಬಳೇ ಸರಿಮಾಡಿದಳು. ಒಳಗಿನ ಎರಡು ತಂತಿಗಳೂ ಹಳತಾಗಿ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಯಾವುದು ಯಾವ ಕಡೆಗೋ! ಅಂದಾಜಿನ ಮೇಲೆ ಬೆಸುಗೆ ಹಾಕಿ ಹಚ್ಚಿ ನೋಡಿದಾಗ ಅದು ತುಂಬುಕಂಠದಲ್ಲಿ ಹಾಡಿತು. ಖುಷಿಯಿಂದ ತಿರುಪು ಬಿಗಿದು ಮುಚ್ಚಿಬಿಟ್ಟಳು.

* * *

ಆ ದಿನ ಬಂತು. ನಡುಮನೆಯಲ್ಲಿ ಎರಡೂ ಸ್ಪೀಕರುಗಳು ಎಷ್ಟೋ ವರ್ಷಗಳ ಮೇಲೆ ಅಕ್ಕಪಕ್ಕ ನಿಂತವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದುರಿನ ಕುರ್ಚಿಯಲ್ಲಿ ಕೂತರು. ಅವಳು ರೆಕಾರ್ಡಿನ ಮೇಲೆ ಸೂಜಿ ಇಟ್ಟಳು.

ಹಾಡು ಬಂತು. ಆದರೆ...

ಜೀವವೇ ಇರಲಿಲ್ಲ! ತಬಲದ ಗುಮ್ಮೆನ್ನುವ ದನಿ ಎತ್ತಲೋ ಇಂಗಿ ಹೋಗಿತ್ತು. ಹಾಡುವವಳ ಕಂಠಕ್ಕೆ ನಿಲ್ಲಲು ಜಾಗವೇ ಇಲ್ಲದಂತೆ, ಅದು ಗೋಡೆಗಳ ಕಡೆಗೆ ಚದುರಿ ಹೋಗುತ್ತಿತ್ತು.

ಅಪ್ಪ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕೈಯೂರಿ ಎದ್ದರು.

"ಬಿಡು ಪುಟ್ಟಿ. ಪಾಲಾದದ್ದು ಇನ್ನು ಸೇರಲ್ಲ."

ಅವರು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡದ್ದೇ ತಡ, ಅವಳು ಅವನತ್ತ ತಿರುಗಿದಳು.

"ನನ್ನದು ಒಂದೇ ಇದ್ದಾಗ ಚೆನ್ನಾಗೇ ಹಾಡ್ತಿತ್ತು! ನಿಮ್ಮದರಲ್ಲೇ ಏನೋ ಆಗಿದೆ. ಒಳಗೆ ಏನು ಬದಲಾಯಿಸಿದ್ರಿ?"

"ಏನೂ ಇಲ್ಲ."

"ಸುಳ್ಳು! ಜೋಡಿ ಚೆನ್ನಾಗಿ ಹಾಡಿದರೆ ಇವಳು ವಾಪಸ್ ಕೇಳ್ತಾಳೆ ಅನ್ನೋ ಭಯ ನಿಮಗೆ. ಅಲ್ವಾ?"

ಅವನು ಎದ್ದ. ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲಲ್ಲಿ ನಿಂತು ಹೇಳಿದ:

"ಅದು ಇಲ್ಲೇ ಇರಲಿ ಡಾಕ್ಟ್ರೇ. ನಿಮಗೆ ಬೇಕಿದ್ದದ್ದು ಅದೇ ಅಲ್ವಾ..."

ಹೊರಟೇ ಹೋದ.

* * *

ಮರುದಿನ ಬೆಳಗ್ಗೆ ಅವಳು ತಿರುಪುಳಿ ಹಿಡಿದು ನೆಲದ ಮೇಲೆ ಕೂತಳು. ಅತ್ತು ಕಣ್ಣು ಊದಿತ್ತು. ಕೆಟ್ಟಿರುವುದೇನೆಂದು ಕಂಡುಹಿಡಿಯದೆ ಏಳುವುದಿಲ್ಲ!

ಮೊದಲು ಅವನದನ್ನು ಬಿಚ್ಚಿದಳು. ಹೊಸ ಫೋಮ್ ಅಂಚು ಬಿಟ್ಟರೆ ಎಲ್ಲವೂ ಮೂಲದ್ದೇ. ಚಿಕ್ಕಪ್ಪನ ಕಾಲದ ದೂಳು ಕೂಡ ಒಳಮೂಲೆಯಲ್ಲಿ ಹಾಗೇ ಇತ್ತು. ಟಾರ್ಚಿನ ಸೆಲ್ ಒಂದನ್ನು ತಂದು, ಅದರ ಪ್ಲಸ್ ತುದಿಯನ್ನು ಸ್ಪೀಕರಿನ ಹಿಂದೆ ತಂತಿ ಸಿಕ್ಕಿಸುವ ಕೆಂಪು ಮೊಳೆಗೆ, ಮೈನಸ್ಸನ್ನು ಕಪ್ಪಿಗೆ ತಂತಿಯಿಂದ ತಾಗಿಸಿದಳು. ಕೋನ್ ಟಕ್ಕನೆ ಮುಂದಕ್ಕೆ ಬಂತು. ಸರಿಯಾಗಿದೆ.

ಆಮೇಲೆ ತನ್ನದು. ಅದೇ ಸೆಲ್, ಅದೇ ತಂತಿ.

ಕೋನ್ ಹಿಂದಕ್ಕೆ ಸರಿಯಿತು.

ಇನ್ನೊಮ್ಮೆ ತಾಗಿಸಿದಳು. ಮತ್ತೆ ಹಿಂದಕ್ಕೆ!

ಅವಳ ಕೈಯಿಂದ ಸೆಲ್ ಉರುಳಿ ಹೋಯಿತು. ಕಂದು ತಂತಿಗಳು... ಅಂದಾಜಿನ ಬೆಸುಗೆ... ಅವನದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ತನ್ನದು ಹಿಂದಕ್ಕೆ ಎಳೆಯುತ್ತಿತ್ತು. ಒಂದರ ದನಿಯನ್ನು ಇನ್ನೊಂದು ನುಂಗುತ್ತಿತ್ತು. ಒಂಟಿಯಾಗಿ ಹಾಡುವಾಗ ಈ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ. ಜೊತೆಗೆ ಇನ್ನೊಂದು ಬಂದು ನಿಂತಾಗಲೇ ತಿಳಿಯುವುದು.

'ಎಂಥ ಮಾತಾಡಿಬಿಟ್ಟೆ ನಾನು...'

ತಂತಿ ಬಿಡಿಸಿ, ತಿರುಗಿಸಿ ಬೆಸೆದಳು. ಹಚ್ಚಿ ನೋಡಲಿಲ್ಲ. ಅವನಿಲ್ಲದೆ ಕೇಳುವ ಮನಸ್ಸಾಗಲಿಲ್ಲ. ನೇರ ಅವನ ಶಾಲೆಗೆ ನಡೆದಳು.

ತರಗತಿ ಮುಗಿದು, ಅವನು ಬಣ್ಣದ ತಟ್ಟೆಗಳನ್ನು ತೊಳೆಯುತ್ತಿದ್ದ.

"ತಪ್ಪು ನನ್ನದು," ಎಂದಳು ಬಾಗಿಲಲ್ಲೇ. "ತಂತಿ ಅದಲುಬದಲು ಬೆಸೆದಿದ್ದೆ. ಬಾಯಿಗೆ ಬಂದ ಹಾಗೆ ಅಂದೆ. ಬೈಯಿರಿ."

ನಲ್ಲಿ ಹರಿಯುತ್ತಲೇ ಇತ್ತು.

"ನಾನೇ ಏನೋ ಕೆಡಿಸಿದೆ ಅಂದುಕೊಂಡಿದ್ದೆ," ಎಂದ ಅವನು. "ನೀವು ಮಾಡಿದ ಕೆಲಸ ತಪ್ಪಿರಬಹುದು ಅಂತ ನನಗೆ ಹೊಳೀಲೇ ಇಲ್ಲ."

ಅವಳ ಕಣ್ಣು ತುಂಬಿ ಬಂತು. "ಬೈದಿದ್ರೇ ವಾಸಿಯಿತ್ತು! ಬನ್ನಿ ಮನೆಗೆ. ನೀವು ಬರೋ ತನಕ ಇಲ್ಲಿಂದ ಕದಲಲ್ಲ."

"ಗೊತ್ತು," ಎಂದು ಅವನು ನಲ್ಲಿ ನಿಲ್ಲಿಸಿದ. "ನೀವು ಬಿಡೋರಲ್ಲ."

* * *

ಅಪ್ಪನನ್ನು ಕೈಹಿಡಿದು ಎಳೆದು ತಂದು ಕೂರಿಸಬೇಕಾಯಿತು.

"ಇದೊಂದು ಸಲ ಅಪ್ಪ. ನನಗೋಸ್ಕರ."

ಸೂಜಿ ಇಳಿಯಿತು. ತಬಲದ ಮೊದಲ ಪೆಟ್ಟು ನೆಲದ ಮೂಲಕ ಅಂಗಾಲಿಗೆ ಬಂತು. ಆಮೇಲೆ ಕಂಠ... ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ಎರಡೂ ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ಯಾರೋ ಬಂದು ನಿಂತು ಹಾಡಿದಂತೆ!

ಅಪ್ಪ ಕದಲಲಿಲ್ಲ. ಹಾಡು ಮುಗಿದ ಮೇಲೂ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಆಮೇಲೆ ಅವಳತ್ತ ತಿರುಗಿದರು.

"ಪುಟ್ಟಿ... ನಿಮ್ಮ ಚಿಕ್ಕಪ್ಪನಿಗೆ ಫೋನ್ ಹಚ್ಚಿಕೊಡು. ಆ ಕತ್ತೆಗೆ ನಾನೇ ಹೇಳ್ತೀನಿ, ಬಂದು ಕೇಳು ಅಂತ."

ಫೋನ್ ಹಿಡಿದು ಅವರು ಒಳಗೆ ಹೋದರು. ನಡುಮನೆಯಲ್ಲಿ ಇವರಿಬ್ಬರೇ ಉಳಿದರು. ಒಳಗಿನಿಂದ ಅಪ್ಪನ ಗದರುವ ದನಿ, ನಡುವೆ ನಗು.

"ನಿಮ್ಮದನ್ನ ತಗೊಂಡು ಹೋಗ್ತೀರಾ?" ಅವಳು ನೆಲ ನೋಡುತ್ತ ಕೇಳಿದಳು.

"ಜೋಡೀನ ಪಾಲು ಮಾಡೋಕೆ ನನಗೆ ಬರಲ್ಲ."

"ಹಾಗಾದರೆ ಇಲ್ಲೇ ಬಿಟ್ಟು ಹೋಗ್ತೀರಾ?"

"ಬಿಡೋಕೂ ಬರಲ್ಲ... ಅಂಗಡಿಯವನು ಹೇಳಿದ್ದನಲ್ಲ."

ಅವಳ ತುಟಿಯಂಚಿನಲ್ಲಿ ನಗು. "ಮತ್ತೆ ಏನು ಮಾಡ್ತೀರಿ ಮೇಷ್ಟ್ರೇ?"

ಅವನು ತುಂಬ ಹೊತ್ತು ಸುಮ್ಮನಿದ್ದ. ಅವಳು ಅವಸರ ಮಾಡಲಿಲ್ಲ. ಅವನ ಮೌನದ ಆಚೆ ತುದಿಯಲ್ಲಿ ಒಂದು ಮಾತಿರುತ್ತದೆ ಎಂದು ಅವಳಿಗೀಗ ಗೊತ್ತಿತ್ತು.

"ಅದು ಇರೋ ಮನೇಲೇ... ನಿಮ್ಮ ಜೊತೆ... ನಾನೂ ಇರಬಹುದಾ?"

ಅವಳು ಅಪ್ಪ ಬಿಟ್ಟು ಹೋಗಿದ್ದ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು.

"ಇಲ್ಲಿ ಕೂತ್ಕೊಳ್ಳಿ. ರೆಕಾರ್ಡಿನ ಇನ್ನೊಂದು ಮಗ್ಗುಲೂ ಕೇಳೋಣ."